ನೀಲವ್ವನ ಹಾಡು ಊರೂರು ಸುತ್ತಿದ ಶ್ರಾವಣ

ಹೋದ ವಾರ ಡಂಬಳ ದಾಟಿ ಮುಂಡರಗಿಯ ಕಡೆಗೆ ಹೋಗುವಾಗ ನಮ್ಮ ಬಸ್ಸು ನಿಧಾನವಾಯಿತು. ಅರ್ಧ ರಸ್ತೆಯ ಮೇಲೆ ಹೆಸರಿನ ಗಿಡಗಳನ್ನು ಕಿತ್ತು ತಂದು ಹರವಿದ್ದರು. ಗಾಲಿ ಹರಿದು ಕಾಯಿ ಒಡೆದು ಕಾಳು ಉದುರಲಿ ಎಂದು ನಮ್ಮ ಕಡೆಯ ರೈತರು ಹೀಗೆ ಮಾಡುತ್ತಾರೆ. ಒಣಗಿದ ಕಾಯಿ ಚಟಪಟ ಸಿಡಿಯಿತು. ಹಿಂದೆಯೇ ಕಿಟಕಿಯಿಂದ ವಾಸನೆ ಬಂತು. ಬಿಸಿಲಿನದೂ ಎರೆಮಣ್ಣಿನದೂ ಹೊಸ ಕಾಳಿನದೂ ಕೂಡಿದ ವಾಸನೆ. ಟಿಕೆಟ್ ಮೆಷಿನ್ ಹಿಡಿದು ನಿಂತಿದ್ದ ನನಗೆ ಎರಡು ವರ್ಷದ ಹಿಂದಿನ ಶ್ರಾವಣ ಒಮ್ಮೆಲೇ ನೆನಪಾಯಿತು. ಆ ವರ್ಷ ಮಳೆ ಹದವಾಗಿ ಬಂದು ಹದವಾಗಿ ನಿಂತಿತ್ತು. ಹೆಸರು ಚೆನ್ನಾಗಿ ಬೆಳೆದಿತ್ತು. ಇದೇ ರಸ್ತೆಯಲ್ಲಿ, ಇದೇ ವಾಸನೆಯ ನಡುವೆ, ನಾನು ತೊಡೆಯ ಮೇಲೆ ಹಾರ್ಮೋನಿಯಂ ಇಟ್ಟುಕೊಂಡು ಊರಿಂದೂರಿಗೆ ಓಡಾಡಿದ್ದೆ. ನನ್ನ ಪಕ್ಕದಲ್ಲಿ ನೀಲವ್ವ ಇದ್ದಳು.

ನನ್ನ ಹೆಸರು ರೇಣುಕಾ. ಗದಗಿನಿಂದ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಕಡೆ ಹೋಗುವ ಬಸ್ಸುಗಳಲ್ಲಿ ಬಹಳ ವರ್ಷಗಳಿಂದ ಕಂಡಕ್ಟರ್ ಆಗಿದ್ದೇನೆ. ಮನೆ ಬೆಟಗೇರಿಯ ನೇಕಾರರ ಓಣಿಯಲ್ಲಿ. ನಮ್ಮಪ್ಪ ಓಣಿಯ ಭಜನಾ ಮೇಳದಲ್ಲಿ ಪೇಟಿ ಬಾರಿಸುತ್ತಿದ್ದ. ಹಾರ್ಮೋನಿಯಂಗೆ ನಮ್ಮಲ್ಲಿ ಪೇಟಿ ಎಂದೇ ಹೆಸರು. ಅವನ ತೊಡೆಯ ಪಕ್ಕ ಕೂತು ನಾನೂ ಕಲಿತೆ. ನೌಕರಿ ಬಂದ ಮೇಲೆ ಪೇಟಿ ಅಟ್ಟಕ್ಕೇರಿತು. ವಾರದ ರಜೆಯ ದಿನ ಒಮ್ಮೊಮ್ಮೆ ಇಳಿಸಿ ಧೂಳು ಒರೆಸಿ ಮತ್ತೆ ಏರಿಸುತ್ತಿದ್ದೆ, ಅಷ್ಟೆ.

ನೀಲವ್ವನದು ನಮ್ಮ ಗೋಡೆಗೆ ಗೋಡೆ ತಾಗಿದ ಮನೆ. ಅವಳೂ ಅವಳ ಗಂಡ ಪರಸಪ್ಪನೂ ಕೈಮಗ್ಗದಲ್ಲಿ ಸೀರೆ ನೇಯುತ್ತಿದ್ದರು. ಪರಸಪ್ಪನಂತೆ ಸೀರೆಯ ಮೈಗೆ ದಡಿ, ಅಂದರೆ ಅಂಚು, ಕೂಡಿಸುವವರು ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಅಂಥವನಿಗೆ ಕುಡಿತ ಹತ್ತಿತು. ಮೊದಮೊದಲು ಸಂಜೆಗೆ ಕುಡಿಯುತ್ತಿದ್ದ, ಆಮೇಲೆ ಮಧ್ಯಾಹ್ನಕ್ಕೆ, ಕಡೆಕಡೆಗೆ ಮುಖ ತೊಳೆಯುವ ಮೊದಲೇ ಅಗ್ಗದ ದಾರೂ ಪಾಕೀಟು ಬೇಕಾಯಿತು. ಒಂದು ಮಧ್ಯಾಹ್ನ ತೂರಾಡುತ್ತ ಬಂದು ಮಗ್ಗದ ಮೇಲೆಯೇ ಬಿದ್ದ. ಹದಿನೈದು ದಿನ ಕೂತು ಮಾಡಿದ ಕೆಲಸ ಹರಿದು ಹೋಯಿತು. ನೀಲವ್ವ ಅವನನ್ನು ರಟ್ಟೆ ಹಿಡಿದು ಹೊರಗೆ ಹಾಕಿ ಕದಕ್ಕೆ ಚಿಲಕ ಜಡಿದಳು. ಅವನು ಹೊಸ್ತಿಲ ಆಚೆ ಕೂತು ಒಂದು ತಾಸು ಅವಳ ಹೆಸರು ಕರೆದ. ನನಗೂ ಕೇಳುತ್ತಿತ್ತು. ಅವಳು ತೆಗೆಯಲಿಲ್ಲ, ನಾನೂ ಹೋಗಿ ತೆಗೆಸಲಿಲ್ಲ. ಕಡೆಗೆ ಎದ್ದು ಹೋಗಿ ಶಿರಹಟ್ಟಿಯ ಬಸ್ಸು ಹತ್ತಿದ. ಅಲ್ಲಿ ಅವನ ತಾಯಿ ಹನಮವ್ವ ಹಿರಿಯ ಮಗ ಭೀಮಪ್ಪನ ಜೊತೆ ಇದ್ದಳು. ಇಪ್ಪತ್ತು ದಿನಕ್ಕೆ ಅಲ್ಲಿಯೇ ತೀರಿಕೊಂಡ.

ಅವನ ಮಣ್ಣಿಗೆ ಹೋಗಿದ್ದ ನಮ್ಮ ಓಣಿಯವರೆಲ್ಲ ಕೇಳುವ ಹಾಗೆ ಹನಮವ್ವ ಸೊಸೆಗೆ ಹೇಳಿದಳು: "ನೀ ಕದಾ ಹಾಕಿದಿ. ನನ್ನ ಮಗ ಸತ್ತ." ಆಮೇಲೆ ಮೂರು ವರ್ಷ ಅತ್ತೆ ಸೊಸೆಯ ನಡುವೆ ಮಾತಿರಲಿಲ್ಲ.

ಹಾಡು ಹುಟ್ಟಿದ್ದು ಶ್ರಾವಣ ಹಿಡಿಯುವ ಮುಂಚಿನ ಒಂದು ರಜೆಯ ದಿನ. ನಾನು ಹಿತ್ತಲಲ್ಲಿ ಖಾಕಿ ಅಂಗಿ ಒಗೆಯುತ್ತಿದ್ದೆ. ಪಕ್ಕದ ಮನೆಯಿಂದ ಮಗ್ಗದ ಸದ್ದಿನ ಸಂಗಡ ಒಂದು ದನಿ ಬರುತ್ತಿತ್ತು. ಲಾಳಿ ಹೋಗಿ ಬರುವ ಲಯಕ್ಕೆ ಸರಿಯಾಗಿ, ನಿಂತು, ಎಳೆದು, ಮತ್ತೆ ಹಿಡಿದು. ಒದ್ದೆ ಕೈಯಲ್ಲೇ ಹೋಗಿ ಅವಳ ಬಾಗಿಲಲ್ಲಿ ನಿಂತೆ.

ಕದಾ ತೆರದೀನಿ ಬಾರೋ ನನ ಪರಸಾ
ಕಾಲ ತೊಳಿಯಾಕ ನೀರಿಟ್ಟೀನಿ
ಬಾಟ್ಲಿ ತಂದರ ತಾರೋ ಬೈಯೂದಿಲ್ಲ
ಬರೇ ನೀ ಬಾರೋ ಸಾಕಂದೀನಿ

"ಯಾರ ಹಾಡವ್ವ ಇದು?" ಎಂದೆ.

ಅವಳು ಬೆಚ್ಚಿ ಕೈ ನಿಲ್ಲಿಸಿದಳು. "ಯಾರದೂ ಅಲ್ಲಕ್ಕ. ಕೈ ನಡದಾಗ ಬಾಯೀಗಿ ಬರತೈತಿ. ಮೂರ ವರ್ಷಾತು, ದಿನಾ ಬರತೈತಿ."

ನಾನು ಓಡಿಹೋಗಿ ಅಟ್ಟದಿಂದ ಪೇಟಿ ಇಳಿಸಿಕೊಂಡು ಬಂದೆ. ಅವಳ ದನಿ ಪೇಟಿಯ ಯಾವ ಮನೆಗೆ, ಅಂದರೆ ಯಾವ ಶ್ರುತಿಗೆ, ಕೂಡುತ್ತದೆ ಎಂದು ಹುಡುಕಿ ಹುಡುಕಿ ಕಡೆಗೆ ಕರಿ ಎರಡಕ್ಕೆ ಹಿಡಿದೆ. ಸಂಜೆಯ ಹೊತ್ತಿಗೆ ಮೂರು ನುಡಿ ಒಂದು ಹದಕ್ಕೆ ಬಂದವು. ಅವನು ಮಗ್ಗದ ಮೇಲೆ ಹರಿದ ನೂಲಿಗೆ ಎಳೆ ಎಳೆ ಗಂಟು ಹಾಕಿದ್ದು ಒಂದು ನುಡಿಯಲ್ಲಿತ್ತು. ಗಂಟು ಹಾಕಲಾಗದೆ ಉಳಿದದ್ದು ಇನ್ನೊಂದರಲ್ಲಿ. ನಾನು ಒಗೆಯಲು ಹಾಕಿದ್ದ ಅಂಗಿ ಬಕೀಟಿನಲ್ಲೇ ಉಳಿದಿತ್ತು.

ಶ್ರಾವಣದ ಮೊದಲ ಸೋಮವಾರ ಸಂಜೆ ಓಣಿಯ ಗುಡಿಯಲ್ಲಿ ಭಜನೆ. ನಾನು ಅವಳನ್ನು ಎಳೆದುಕೊಂಡು ಹೋದೆ. ಮೇಳದ ಹಿರಿಯ ಈರಪ್ಪಜ್ಜ ಮೊದಲ ಸಾಲು ಕೇಳಿದವನೇ ತಾಳ ಕೆಳಗಿಟ್ಟ.

"ಭಜನಿಯೊಳಗ ಕುಡುಕರ ಹಾಡು ಯಾಕವ್ವಾ?"

"ಕುಡುಕರ ಹಾಡಲ್ಲಜ್ಜ," ನೀಲವ್ವ ತಲೆ ಎತ್ತದೆ ಹೇಳಿದಳು. "ನನ್ನ ಗಂಡನ ಹಾಡು."

ಅವಳು ಹಾಡಿದಳು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ಯಾರಿಗೂ ಹಿಡಿಸಲಿಲ್ಲ ಎಂದುಕೊಂಡೆ. ಆಗ ಈರಪ್ಪಜ್ಜ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸಿ, "ಇನ್ನೊಮ್ಮೆ ಹೇಳವ್ವ" ಎಂದ. ಎರಡನೆಯ ಸಲ ಹಾಡುವಾಗ ಅವನ ತಾಳ ಕೂಡಿತು. ಮೂರನೆಯ ಸಲಕ್ಕೆ ಹೆಂಗಸರು ದನಿ ಕೂಡಿಸಿದರು. ನಾಲ್ಕನೆಯ ಸಲಕ್ಕೆ ಗುಡಿಯ ಹೊರಗೆ ಸೈಕಲ್ ನಿಲ್ಲಿಸಿಕೊಂಡು ನಿಂತವರೂ ಹಾಡುತ್ತಿದ್ದರು. ಮನೆಗೆ ಬರುವಾಗ ನಮ್ಮಿಬ್ಬರ ಕಾಲು ನೆಲದ ಮೇಲಿರಲಿಲ್ಲ.

ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಗುರುವಾರ ಲಕ್ಷ್ಮೇಶ್ವರದ ಬಸ್ಸಿನಲ್ಲಿ ಟಿಕೆಟ್ ಕೊಡುತ್ತ ಹಿಂದಿನ ಸೀಟಿಗೆ ಹೋದರೆ ನನ್ನದೇ ಪೇಟಿಯ ಸದ್ದು. ಇಬ್ಬರು ಹೆಂಗಸರು ಒಂದೇ ಮೊಬೈಲಿಗೆ ತಲೆ ತಾಗಿಸಿ ಕೂತಿದ್ದರು.

"ಇದನ್ನ ಹಾಡಿದಾಕಿ ಬಾಗಲಕೋಟಿ ಕಡಿಯಾಕಿ ಅಂತ," ಒಬ್ಬಳು ಅಂದಳು.

"ಅಲ್ಲಬೇ, ಹಾವೇರಿಯಾಕಿ. ಗಂಡ ಸತ್ತ ದಿನಾನ ಹಾಡ್ಯಾಳಂತ."

ನನಗೆ ತಡೆಯಲಾಗಲಿಲ್ಲ. "ಬೆಟಗೇರಿಯಾಕಿ ರೀ. ನಮ್ಮ ಮಗ್ಗಲ ಮನಿಯಾಕಿ. ಈ ಪೇಟಿ ಬಾರಿಸಿದಾಕಿ ನಾನ."

ಇಬ್ಬರೂ ನನ್ನ ಖಾಕಿ ಅಂಗಿಯನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಆತ್ರಿ ಅಕ್ಕಾರ. ಆಧಾರ ಕಾರ್ಡ ನೋಡಿ ಟಿಕೆಟ್ ಕೊಡ್ರಿ ಮೊದಲ."

ಅವತ್ತಿಡೀ ನಾನು ಒಳಗೊಳಗೇ ನಗುತ್ತಿದ್ದೆ. ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ಮಾತ್ರ ನಗು ನಿಂತಿತು. ಹೊರಡುವ ಹೊತ್ತಾಗಿತ್ತು. ಎರಡು ಸಲ ಸೀಟಿ ಊದಿದರೂ ಡ್ರೈವರ್ ಮಾಬುಸಾಬಣ್ಣ ಗಾಡಿ ಚಾಲೂ ಮಾಡಲಿಲ್ಲ. ಮುಂದೆ ಹೋಗಿ ನೋಡಿದರೆ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟು ಕೂತಿದ್ದಾನೆ. ಪಕ್ಕದ ಚಹಾ ಅಂಗಡಿಯಲ್ಲಿ ಅದೇ ಹಾಡು.

"ಒಂದ ನಿಮಿಷ ತಾಳ ತಂಗಿ. ಮುಗೀಲಿ."

ಬಸ್ಸು ತುಂಬಿತ್ತು, ಸೆಖೆ ಇತ್ತು. ಆದರೆ ಒಬ್ಬರೂ ತಕರಾರು ತೆಗೆಯಲಿಲ್ಲ. ಹಾಡು ಮುಗಿದ ಮೇಲೆ ಅವನು ಟವೆಲಿನಿಂದ ಮುಖ ಒರೆಸಿಕೊಂಡ. "ನಮ್ಮ ತಮ್ಮನೂ ಹಿಂಗ ಕುಡದ ಹ್ವಾದ. ಅವನ ಹೆಸರು ಪರಸ ಅಲ್ಲ, ದಾವಲ. ಆದ್ರ ನನಗ ದಾವಲ ಅಂತನ ಕೇಳತು."

ಎಂಟು ವರ್ಷ ಒಂದೇ ಬಸ್ಸಿನಲ್ಲಿ ದುಡಿದವರು ನಾವು. ಅವನಿಗೆ ಅಂಥ ತಮ್ಮನಿದ್ದ ಎಂಬುದೇ ನನಗೆ ಗೊತ್ತಿರಲಿಲ್ಲ.

ಮನೆಗೆ ಬಂದು ಆ ಮಾತನ್ನು ನೀಲವ್ವನಿಗೆ ಹೇಳಿದೆ. ಅವಳು ಲಾಳಿಯನ್ನು ಕೆಳಗಿಟ್ಟಳು. ಆಮೇಲೆ, "ಹಂಗಾದ್ರ ಹೆಸರಿನ ಜಾಗಾ ಖಾಲಿ ಬಿಡ್ತೀನಿ ಅಕ್ಕ. ಅವರವರ ಹೆಸರು ಅವರ ಹೇಳಿಕೊಳ್ಳಲಿ," ಎಂದಳು.

ಅಷ್ಟರಲ್ಲಿ ಊರೂರಿಂದ ಕರೆ ಬರತೊಡಗಿದ್ದವು. ಕಣಗಿನಹಾಳದ ಹೆಂಗಸರ ಸಂಘದವರು ಕರೆದರು, ಬಿಂಕದಕಟ್ಟಿಯವರು ಕರೆದರು. ನಾನು ಡಿಪೋದಲ್ಲಿ ಕಾಡಿ ಬೇಡಿ ಭಾನುವಾರ ರಜೆ ಹಾಕಿಸಿಕೊಂಡೆ. ಮಾಬುಸಾಬಣ್ಣ ತನ್ನ ರಜೆಯನ್ನೂ ಅದೇ ದಿನಕ್ಕೆ ಬದಲಿಸಿಕೊಂಡ. ಯಾಕೆ ಎಂದು ಕೇಳಿದರೆ, "ಪೇಟಿ ಎತ್ತಿ ಇಳಸಾಕ ಒಬ್ಬ ಬೇಕಲ್ಲ" ಎಂದ.

ಮುಂಡರಗಿಯ ಭಾನುವಾರವನ್ನು ನಾನು ಸಾಯುವವರೆಗೆ ಮರೆಯಲಾರೆ. ಇಳಿಹೊತ್ತು. ಬೆಳಗ್ಗೆ ಒಂದು ಮಳೆ ಹೊಯ್ದು ಹೋಗಿತ್ತು. ದೂರದಲ್ಲಿ ಕಪ್ಪತ್ತಗುಡ್ಡದ ಮೇಲಿನ ಗಾಳಿಯಂತ್ರಗಳು ತಿರುಗುವುದು ಕಾಣುತ್ತಿತ್ತು. ಶಾಲೆಯ ಅಂಗಳದಲ್ಲಿ ನೂರು ಮಂದಿ ಬಂದಾರು ಎಂದುಕೊಂಡು ಹೋದರೆ ಗೋಡೆಯ ಮೇಲೂ ಜನ ಕೂತಿದ್ದರು. ಹೊಲದಿಂದ ಹಾಗೆಯೇ ಬಂದ ಹೆಂಗಸರ ಸೆರಗಿನಲ್ಲಿ ಇನ್ನೂ ಹೆಸರಿನ ಸಿಪ್ಪೆ ಅಂಟಿತ್ತು.

ನೀಲವ್ವ "ಕದಾ ತೆರದೀನಿ ಬಾರೋ ನನ" ಎಂದು ಎತ್ತಿ, ನಿಲ್ಲಿಸಿಬಿಟ್ಟಳು. ನಾನು ಪೇಟಿಯ ಮೇಲೆ ಆ ಸ್ವರವನ್ನು ಹಾಗೆಯೇ ಹಿಡಿದು ಕೂತೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಮುಂದೆ ಕೂತಿದ್ದ ಒಬ್ಬ ಮುದುಕಿ, ತನಗೆ ತಾನೇ ಅಂದುಕೊಳ್ಳುವ ಹಾಗೆ, "ಶಿವಪ್ಪಾ" ಎಂದಳು. ಎಡಗಡೆಯಿಂದ "ಮಂಜೂ" ಎಂಬ ದನಿ ಬಂತು. ಗೋಡೆಯ ಮೇಲಿಂದ "ರಫೀಕ". ಆಮೇಲೆ ಲೆಕ್ಕ ತಪ್ಪಿತು. ಅಪ್ಪಂದಿರ ಹೆಸರು, ಅಣ್ಣಂದಿರ ಹೆಸರು, ಮಕ್ಕಳ ಹೆಸರು. ಮೂರು ವರ್ಷ, ಹತ್ತು ವರ್ಷ ಯಾರ ಬಾಯಿಗೂ ಬಾರದಿದ್ದ ಹೆಸರುಗಳು ಒಂದರ ಮೇಲೊಂದು ಬಂದವು. ಹಿಂದಿನಿಂದ ನಮ್ಮ ಮಾಬುಸಾಬಣ್ಣನ ದಪ್ಪ ದನಿಯೂ ಕೇಳಿತು: "ದಾವಲಾ." ಸದ್ದು ಅಡಗುವವರೆಗೆ ಕಾದು ನೀಲವ್ವ "ಕಾಲ ತೊಳಿಯಾಕ ನೀರಿಟ್ಟೀನಿ" ಎಂದು ಮುಂದುವರಿಸಿದಳು. ಪೇಟಿ ಬಾರಿಸುವುದು ಇದಕ್ಕೇ ಎಂದು ಅವತ್ತು ನನಗೆ ಮೊದಲ ಸಲ ತಿಳಿಯಿತು.

ನಡುವೆ ಒಬ್ಬ ಕುಡಿದವನು ತೂರಾಡುತ್ತ ಮುಂದೆ ಬಂದ. ನಾಲ್ಕು ಜನ ಹಿಡಿದು ಹೊರಗೆಳೆಯಲು ಎದ್ದರು.

"ಬಿಡ್ರಿ ಅವನ್ನ," ಎಂದಳು ನೀಲವ್ವ.

ಅವನು ಅವಳೆದುರು ನಿಂತು ಮೈಕಿನ ಕಂಬ ಹಿಡಿದುಕೊಂಡ. "ಅಕ್ಕಾ, ಆ ಬಾಟ್ಲಿ ಸಾಲು ಇನ್ನೊಮ್ಮೆ ಹಾಡ. ಬೈಯೂದಿಲ್ಲ ಅಂದಿ. ಖರೆ ಬೈಯೂದಿಲ್ಲೇನು?"

"ಬೈಯೂದಿಲ್ಲೋ ತಮ್ಮಾ. ಕುಂಡ್ರು."

ಅವನು ಅಲ್ಲಿಯೇ ನೆಲದ ಮೇಲೆ ಕೂತ. ಅವಳು ಆ ಸಾಲನ್ನು ಅವನೊಬ್ಬನಿಗೇ ಎಂಬಂತೆ ಎರಡು ಸಲ ಹಾಡಿದಳು. ಗುಂಪಿನಿಂದ ಒಬ್ಬ ಹೆಂಗಸು ಎದ್ದು ಬಂದು ಅವನ ಪಕ್ಕ ಕೂತಳು. ಅವನ ಹೆಂಡತಿ ಇರಬೇಕು. ಹೋಗುವಾಗ ಅವನ ಕೈ ಹಿಡಿದು ಕರೆದುಕೊಂಡು ಹೋದಳು. ಅವನು ಆಮೇಲೆ ಕುಡಿಯುವುದನ್ನು ಬಿಟ್ಟ ಎಂದು ಬರೆದರೆ ಸುಳ್ಳಾದೀತು, ನನಗೆ ಗೊತ್ತಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ನಿವೃತ್ತ ಮಾಸ್ತರರೊಬ್ಬರು ಬಂದರು. "ಹಾಡು ಚಲೋ ಐತಿ ತಂಗಿ. ಆದ್ರ ಬಾಟ್ಲಿ ತಂದರ ತಾರೋ ಅನ್ನೂದು ತಗೀರಿ. ಕುಡಿಯಾಕ ನಾವ ಹೇಳಿಧಂಗ ಆಗತೈತಿ."

ನೀಲವ್ವ ಕೈ ಮುಗಿದಳು. "ಗುರುಗಳ, ಬಾಟ್ಲಿ ಬಿಟ್ಟು ಬಾ ಅಂತ ಹತ್ತು ವರ್ಷ ಹೇಳೀನ್ರಿ. ಅವ ಬಾಟ್ಲಿ ಬಿಡಲಿಲ್ಲ, ನನ್ನ ಬಿಟ್ಟು ಹ್ವಾದ. ಈಗ ಬಾ ಅಂತಷ್ಟ ಹೇಳತೀನ್ರಿ."

ಮಾಸ್ತರರು ನಮ್ಮನ್ನು ಬಸ್ ನಿಲ್ದಾಣದವರೆಗೆ ತಾವೇ ನಡೆದುಕೊಂಡು ಬಂದು ಕಳಿಸಿದರು.

ಇಷ್ಟೆಲ್ಲ ಸಡಗರದ ನಡುವೆ ಶಿರಹಟ್ಟಿಯಿಂದ ಕರೆ ಬಂತು. ಮರುದಿನವೇ ಪರಸಪ್ಪನ ಅಣ್ಣ ಭೀಮಪ್ಪನ ಫೋನೂ ಬಂತು. ನೀಲವ್ವ ಮಾತು ಜೋರಾಗಿ ಕೇಳುವ ಹಾಗೆ ಮಾಡಿ ನನ್ನ ಮುಂದೆ ಹಿಡಿದಳು.

"ನೀಲವ್ವ, ಅವ್ವ ಮೊಬೈಲಿನ್ಯಾಗ ನಿನ್ನ ಹಾಡು ಕೇಳ್ಯಾಳ. ಎರಡ ದಿನ ಆತು, ಉಂಡಿಲ್ಲ. ಈ ಊರಾಗ ಬಂದು ಹಾಡಿದ್ರ ಮಂದಿ ನಡುವ ಎದ್ದು ನಿಂತು ಮಾತಾಡತೀನಿ ಅಂತಾಳ. ಬರಬ್ಯಾಡ ನೀ."

ಮೂರು ದಿನ ನೀಲವ್ವನ ಮಗ್ಗದ ಸದ್ದೇ ಕೇಳಲಿಲ್ಲ. ಹೋಗಬೇಡ ಎಂದೇ ನಾನೂ ಹೇಳಿದೆ. ಇಷ್ಟೂರಿನ ಜನ ತಲೆಯ ಮೇಲೆ ಹೊತ್ತು ಕುಣಿಸಿದ ಹಾಡನ್ನು ಒಂದೂರಿನಲ್ಲಿ ಯಾಕೆ ಕೆಡಿಸಿಕೊಳ್ಳಬೇಕು ಎಂಬುದು ನನ್ನ ಯೋಚನೆ. ಶನಿವಾರ ನಾನು ಡ್ಯೂಟಿ ಮುಗಿಸಿ ಬರುವಾಗ ಅವಳು ನಮ್ಮ ಕಟ್ಟೆಯ ಮೇಲೆ ಕೂತಿದ್ದಳು.

"ನಾ ಹೊಕ್ಕೀನಿ ಅಕ್ಕ. ಎಲ್ಲಾ ಊರಾಗ ಕದಾ ತೆರದೀನಿ ಅಂತ ಹಾಡಿ, ಅತ್ತಿ ಊರಿಗಿ ಹೋಗಲಿಲ್ಲಂದ್ರ ಅದು ಸುಳ್ಳ ಹಾಡ ಆಗತೈತಿ."

ಮರುದಿನ ಭಾನುವಾರ ಶಿರಹಟ್ಟಿಯಲ್ಲಿ ಜಿಟಿಜಿಟಿ ಮಳೆ. ತಗಡಿನ ಸೂರಿನ ಸಮುದಾಯ ಭವನ. ಒಳಗೆ ಒದ್ದೆ ಕೊಡೆಗಳ ವಾಸನೆ, ಕಿಕ್ಕಿರಿದ ಜನ. ಹನಮವ್ವ ಎಲ್ಲೂ ಕಾಣಲಿಲ್ಲ. ಬಂದಿಲ್ಲ ಎಂದು ನನಗೆ ಸಮಾಧಾನವಾಯಿತು. ನೀಲವ್ವ ಎತ್ತಿದಳು. ಹೆಸರಿನ ಜಾಗ ಬಂತು, ನಿಲ್ಲಿಸಿದಳು. ಆ ಹೊತ್ತಿಗೆ ಹಾಡಿನ ಈ ರೀತಿ ಎಲ್ಲ ಊರಿಗೂ ಗೊತ್ತಾಗಿತ್ತು, ನಾಲ್ಕೂ ಕಡೆಯಿಂದ ಹೆಸರುಗಳು ಎದ್ದವು. ಎಲ್ಲ ಅಡಗಿದ ಮೇಲೆ, ಬಾಗಿಲ ಹತ್ತಿರದಿಂದ, ಒಂದು ಒಡಕು ದನಿ:

"ಪರಸಾ."

ಜನ ದಾರಿ ಬಿಟ್ಟರು. ಹನಮವ್ವ ಬಡಿಗೆ ಊರುತ್ತ ಬಂದು ಮೈಕಿನ ಮುಂದೆ ನಿಂತಳು. ಸೂರಿನ ಮೇಲೆ ಮಳೆ ಹೊಯ್ಯುವುದಷ್ಟೇ ಕೇಳುತ್ತಿತ್ತು.

"ಈಕಿ ಕದಾ ಹಾಕಿದ್ದಕ್ಕ ನನ್ನ ಮಗ ಸತ್ತ ಅಂತ ನಾ ಅಂದಿದ್ದೆ," ಎಂದಳು. "ಈಗ ಉಳದದ್ದು ಹೇಳತೀನಿ, ಕೇಳ್ರಿ. ನನ್ನ ಮನೀಗಿ ಬಂದಾಗ ಅವನ ಕೈ ನಡಗತಿದ್ವು. ನೀರಿನ ತಂಬಗಿ ಹಿಡಿಯಾಕ ಆಗತಿರಲಿಲ್ಲ. ಇನ್ನೊಂದ ಹನಿ ಮುಟ್ಟಿದ್ರ ಉಳಿಯೂದಿಲ್ಲ ಅಂತ ಡಾಕ್ಟರು ಹೇಳಿದ್ರು. ಅವ್ವಾ, ಒಂದ ಪಾಕೀಟು ಅಂತ ನನ್ನ ಕಾಲ ಹಿಡದ. ನೋಡಾಕ ಆಗಲಿಲ್ಲ. ನಾನ ಹೋಗಿ ತಂದ ಕೊಟ್ಟೆ. ದಿನಾ ಕೊಟ್ಟೆ. ಮೂರ ವರ್ಷ ಅದನ್ನ ಈಕಿ ಮ್ಯಾಲ ಹಾಕೀನಿ."

ನೀಲವ್ವ ಅತ್ತೆಯ ಕೈ ಹಿಡಿದಳು. "ನಾ ಕದಾ ಹಾಕಿದ್ದೂ ಖರೆ ಐತಿ ಅತ್ತಿ. ನೀ ಕೊಟ್ಟಿದ್ದೂ ಖರೆ ಐತಿ."

"ಹಾಡಿನ್ಯಾಗ ನಿನ್ನ ಮಾತಷ್ಟ ಐತಿ," ಎಂದಳು ಮುದುಕಿ. "ನನ್ನದಿಲ್ಲ." ಆಮೇಲೆ ನನ್ನ ಕಡೆ ತಿರುಗಿ, "ಪೇಟಿ ಹಿಡಿಯವ್ವಾ."

ಅವಳ ದನಿ ಎಷ್ಟು ಕೆಳಗಿತ್ತೆಂದರೆ ನಾನು ಅರೆಗಳಿಗೆ ಕಂಗಾಲಾದೆ. ಕರಿ ಎರಡು ಬಿಟ್ಟು ಕೆಳಗೆ ಕೆಳಗೆ ಹುಡುಕುತ್ತ ಹೋದೆ. ಸಿಕ್ಕಿದ ಕೂಡಲೇ ಗಟ್ಟಿಯಾಗಿ ಹಿಡಿದೆ. ಎರಡು ದಿನ ಉಣ್ಣದೆ ಅವಳು ಮಾಡಿದ್ದೇನು ಎಂದು ಆಗ ಗೊತ್ತಾಯಿತು.

ಮೊದಲ ಗುಟುಕು ನನ್ನೆದಿಯ ಹಾಲು
ಕಡೀ ಗುಟುಕು ನಾ ಕೊಟ್ಟ ವಿಷವು
ನಡುವ ನೀ ಕುಡದದ್ದು ಕಂಡೂ ಕಾಣಧಂಗ
ಕುಂತೆನಲ್ಲೋ ಮಗನ ಕುಂತೆನಲ್ಲೋ

ಅದನ್ನು ಅವಳು ಒಂದೇ ಸಲ ಹಾಡಿದಳು. ಆಮೇಲೆ ಗೋಡೆಗೆ ಒರಗಿ ನಿಂತಿದ್ದ ಒಬ್ಬ ಗಂಡಸು, "ನಮ್ಮಣ್ಣಗ ನಾನೂ ತಂದು ಕೊಟ್ಟೀನಿ" ಎಂದ. ಯಾರನ್ನು ಉದ್ದೇಶಿಸಿಯೂ ಅಲ್ಲ. ಇನ್ನೊಬ್ಬಳು, "ನಾನೂ" ಎಂದಳು. ಮತ್ತೆ ಇನ್ಯಾರೋ. ನೀಲವ್ವ ಅಳುತ್ತಲೇ "ಕದಾ ತೆರದೀನಿ ಬಾರೋ" ಎಂದು ಎತ್ತಿದ್ದೇ ಭವನಕ್ಕೆ ಭವನವೇ ಹಾಡಿತು. ತಗಡಿನ ಮೇಲಿನ ಮಳೆ ಕೇಳದಾಯಿತು. ನಾನು ಪೇಟಿಯ ಗಾಳಿ ಒತ್ತುತ್ತಿದ್ದೆ, ಅದರ ಸದ್ದು ನನಗೇ ಕೇಳುತ್ತಿರಲಿಲ್ಲ. ಅಷ್ಟು ಜನ ಅಳುತ್ತಿರುವಾಗ ನನಗೆ ಹಾರಿ ಕುಣಿಯುವಷ್ಟು ಖುಷಿಯಾಗಿತ್ತು. ಅದಕ್ಕೆ ನಾಚಿಕೆಪಡಬೇಕೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಬೇಕಾಗಿಲ್ಲ ಅನಿಸಿದೆ.

ನೀಲವ್ವ ಆ ರಾತ್ರಿ ಅತ್ತೆಯ ಮನೆಯಲ್ಲೇ ಉಳಿದಳು. ಮರುದಿನ ಸೋಮವಾರ. ಶಿರಹಟ್ಟಿಯಿಂದ ಗದಗಿಗೆ ಹೊರಡುವ ಬಸ್ಸಿಗೆ ನನ್ನದೇ ಡ್ಯೂಟಿ, ಮಾಬುಸಾಬಣ್ಣನದೇ ಸ್ಟಿಯರಿಂಗು. ಭೀಮಪ್ಪ ಒಂದು ಬಟ್ಟೆಯ ಗಂಟು ಹೊತ್ತು ತಂದು ಒಳಗಿಟ್ಟ. ಹಿಂದೆ ನೀಲವ್ವ, ಅವಳ ಭುಜ ಹಿಡಿದು ಹನಮವ್ವ.

"ಎಷ್ಟ ದಿನಕ್ಕ ಹೊಂಟೀಬೇ ಆಯಿ?" ಎಂದು ಮಾಬುಸಾಬಣ್ಣ ಕೇಳಿದ.

"ಗೊತ್ತಿಲ್ಲಪಾ. ಮಗ್ಗದ ಕಂಡಿಕಿಗೆ ನೂಲು ಸುತ್ತಾಕ ಕೈ ಸಾಲವಲ್ವಂತ ಈಕಿಗಿ."

ಅತ್ತೆ ಸೊಸೆ ಮುಂದಿನ ಸೀಟಿನಲ್ಲಿ ಕೂತರು. ಬಸ್ಸು ಊರು ದಾಟುವ ಮೊದಲೇ ಜಗಳ ಶುರುವಾಯಿತು.

"ನೀ ಎರಡನೇ ನುಡಿ ಭಾಳ ಜಗ್ಗತಿ. ಉಸರು ಸಾಲೂದಿಲ್ಲ ನನಗ," ಎಂದಳು ಮುದುಕಿ.

"ಅದು ನನ್ನ ನುಡಿ ಅತ್ತಿ. ನೀ ನಿಂದಷ್ಟ ಹಾಡು."

"ನಂದಷ್ಟ ಯಾಕ ಹಾಡ್ಲಿ? ಅವ ನಿನಗಷ್ಟ ಗಂಡ ಆಗಿದ್ನೇನು, ನನಗ ಮಗಾ ಆಗಿದ್ದ. ಪೂರಾ ಹಾಡತೀನಿ, ಮೊದಲಿಂದ."

ಮಾತು ಕೇಳಿದ ಪ್ರಯಾಣಿಕರಿಗೆ ಇವರು ಯಾರೆಂದು ಗೊತ್ತಾಗಿಹೋಯಿತು. ಹಿಂದಿನವರು ಎದ್ದು ಕಂಬಿ ಹಿಡಿದು ಮುಂದೆ ಬಂದರು. ಹನಮವ್ವ ಬಾಯೊಳಗಿನ ಎಲೆಯಡಿಕೆಯನ್ನು ಕಿಟಕಿಯಿಂದ ಉಗುಳಿ, ಸೆರಗಿನಿಂದ ತುಟಿ ಒರೆಸಿಕೊಂಡು, ತನ್ನ ಕೆಳದನಿಯಲ್ಲಿ ಎತ್ತಿಯೇಬಿಟ್ಟಳು. ನೀಲವ್ವ ಒಂದು ಸಾಲಿನ ತನಕ ಮುನಿಸಿಕೊಂಡು ಕೂತು, ಎರಡನೆಯ ಸಾಲಿಗೆ ಕೂಡಿದಳು. ಅರ್ಧ ಬಸ್ಸಿಗೆ ಇನ್ನೂ ಟಿಕೆಟ್ ಕೊಡುವುದಿತ್ತು. ನಾನು ಮೆಷಿನನ್ನು ಚೀಲಕ್ಕಿಳಿಸಿ, ಅವರ ಸೀಟಿನ ಬೆನ್ನು ಹಿಡಿದು ನಿಂತು, ದನಿ ಕೂಡಿಸಿದೆ.